ಈರೇಶ ಬಿದ್ದ ಏಣಿ

ಇದು ನಮ್ಮ ವಠಾರದ ಸಿದ್ರಾಮನಿಗೆ ಆದದ್ದು. ಯಾದಗಿರಿ ಕಡೆಯವನು, ಬೊಮ್ಮಸಂದ್ರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಒಂದಿನ ರಾತ್ರಿ ಸೆಕೆಂಡ್ ಶಿಫ್ಟ್ ಮುಗಿಸಿ, ಫ್ಯಾಕ್ಟರಿ ಹಿಂದಿನ ಹಾಳುಬಾವಿ ಕಡೆಯಿಂದ ಒಬ್ಬನೇ ನಡೆದು ಬರ್ತಿದ್ದ. ತಲೆಯಲ್ಲಿ ಒಂದೇ ಯೋಚನೆ... ಈರೇಶ.

ಈರೇಶ ಅವನ ಊರಿನವನೇ, ಜೊತೆಯಲ್ಲೇ ಕೆಲಸ ಮಾಡ್ತಿದ್ದವನು. ಒಂಬತ್ತು ದಿನದ ಹಿಂದೆ ಗೋಡೌನಿನಲ್ಲಿ ಟ್ಯೂಬ್‌ಲೈಟ್ ಬದಲಾಯಿಸುವಾಗ ಏಣಿ ಜಾರಿ ಸಿಮೆಂಟ್ ನೆಲಕ್ಕೆ ಬಿದ್ದ. ಸೊಂಟ ಮುರಿದಿತ್ತು, ತಲೆಬುರುಡೆ ಒಡೆದಿತ್ತು. ಮೂರನೇ ದಿನ ಹೋಗಿಬಿಟ್ಟ. ಕೆಳಗೆ ಏಣಿ ಹಿಡಿದಿದ್ದವನು ಸಿದ್ರಾಮ. ಸೂಪರ್‌ವೈಸರ್ ಲೋಕೇಶ್ "ಏಯ್, ಬಾರೋ ಇಲ್ಲಿ" ಅಂತ ಕರೆದಾಗ ಕೈ ಬಿಟ್ಟು ಹೋಗಿದ್ದ.

ಆಮೇಲೆ ಪೊಲೀಸರಿಗೆ ತೋರಿಸಿದ್ದು ಹೊಸ ಏಣಿ. ಹಳೇದರ ಒಂದು ಕಾಲು ಮುರಿದಿತ್ತು, ತಂತಿ ಸುತ್ತಿ ಕಟ್ಟಿದ್ದರು. ಅದೆಲ್ಲಿ ಹೋಯ್ತು? ಕೇಳಿದರೆ ಲೋಕೇಶ್ ಮುಖ ತಿರುಗಿಸ್ತಿದ್ದ. ಆ ರಾತ್ರಿ ಶಿಫ್ಟ್ ಬಿಡುವ ಮುಂಚೆ, ಸಂಜೆ ತಾನೇ ಬಂದು ಸಿದ್ರಾಮನ ಹೆಗಲ ಮೇಲೆ ಕೈ ಹಾಕಿದ.

"ಬೆಳಗ್ಗೆ ಒಂದು ಸೈನ್ ಹಾಕ್ಬಿಡು ಗುರು. ಏಣಿ ಚೆನ್ನಾಗೇ ಇತ್ತು, ಅವನೇ ಕುಡಿದಿದ್ದ ಅಂತ."

ಈರೇಶ ಬೀಡಿ ಕೂಡ ಮುಟ್ಟಿದವನಲ್ಲ.

ಬಾವಿ ಹತ್ತಿರ ಬಂತು.

ಟಣ್...

ಅಲ್ಯೂಮಿನಿಯಂ ಮೆಟ್ಟಿಲ ಮೇಲೆ ಶೂ ಇಟ್ಟ ಸದ್ದು. ಟಣ್... ಟಣ್... ಆಮೇಲೆ ತಂತಿ ಕಿರ್ರ್ ಅಂತು.

ಲೋಕೇಶನೇ ಯಾರನ್ನೋ ಬಿಟ್ಟು ಹೆದರಿಸ್ತಿದ್ದಾನಾ? ಮೊಬೈಲ್ ಟಾರ್ಚ್ ಹಾಕಿದ. ಸುತ್ತ ಯಾರೂ ಇಲ್ಲ. ಬಾವಿಯೊಳಗಿಂದ ಏಣಿಯ ಎರಡು ತುದಿ ಕಟ್ಟೆಗೆ ಒರಗಿಕೊಂಡಿದ್ದವು. ಅದೇ ಏಣಿ. ಅವೇ ಪೇಂಟ್ ಕಲೆಗಳು...

ಒಳಗಿಂದ ಪಿಸುದನಿ. "ಹಿಡಕೊಂಡಿ ಏನಲೇ, ಸಿದ್ರಾಮ?"

ಹತ್ತುವ ಮುಂಚೆ ಈರೇಶ ದಿನಾ ಕೇಳ್ತಿದ್ದ ಮಾತು.

ಓಡಿಬಿಡೋಣ ಅನ್ನಿಸ್ತು. ಆದರೂ ಕಟ್ಟೆ ಹತ್ತಿರ ಹೋದ. ಮೊಣಕಾಲೂರಿ, ಎರಡೂ ಕೈಯಲ್ಲಿ ಏಣಿ ಹಿಡಿದ. ಐಸ್ ಮುಟ್ಟಿದ ಹಾಗಿತ್ತು.

"ಹಿಡಕೊಂಡೀನಪ್ಪಾ... ಈ ಸಲ ಬಿಡಂಗಿಲ್ಲ."

ಟಣ್... ಟಣ್... ಭಾರ ಮೇಲೆ ಮೇಲೆ ಬಂತು. ತೋಳು ಸೋತರೂ ಬಿಡಲಿಲ್ಲ. ಕಿವಿಯ ಪಕ್ಕ ಒಂದು ಉಸಿರು ಹಾದುಹೋಯ್ತು. ಅಷ್ಟೇ, ಏಣಿ ಹಗುರಾಯ್ತು.

ಬೆಳಗ್ಗೆ ಸಿದ್ರಾಮ ಸೈನ್ ಹಾಕಲಿಲ್ಲ. ಈರೇಶನ ಹೆಂಡತಿ ಮಹಾದೇವಿಯನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋದ, ಪೊಲೀಸರನ್ನು ಬಾವಿಗೇ ಕರೆತಂದ. ಏಣಿ ಆಚೆ ಬಂತು. ಮುರಿದ ಕಾಲು, ಸುತ್ತಿದ ತಂತಿ, ಎಲ್ಲರೂ ನೋಡಿದರು. ರಾತ್ರೋರಾತ್ರಿ ಎಸೆದದ್ದು ತಾನೇ ಅಂತ ಲೋಕೇಶ್ ಒಪ್ಪಿಕೊಂಡ.

ಏಣಿ ಎತ್ತಲು ಹಗ್ಗ ಎಳೆದವರಲ್ಲಿ ನಾನೂ ಒಬ್ಬ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳ್ತಿದೀನಿ. ಏಣಿ ತಳದ ಕೆಸರಲ್ಲಿ ಅಡ್ಡ ಬಿದ್ದಿತ್ತು. ಅದರ ಉದ್ದ ಹನ್ನೆರಡಡಿ. ಬಾವಿಯ ಆಳ ಐವತ್ತು. ಬೇಕಾದ್ರೆ ಹೋಗಿ ಅಳೆದು ನೋಡಿ.