ಊದಿದ್ದ ಹೃದಯ ಇಳಿದ ದಿನ

ಜಯನಗರದ ಕ್ಲಿನಿಕ್ಕಿನಲ್ಲಿ ವಾರಿಜಾ ಕಾಯುತ್ತ ಕೂತಿದ್ದಳು. ಹೃದಯಾಘಾತವಾಗಿದ್ದ ಗಂಡ ತಿರುಮಲೇಶನಿಗೆ ಒಳಗೆ ಎಕೋ ಪರೀಕ್ಷೆ ನಡೆಯುತ್ತಿತ್ತು. ಸತ್ತ ಸ್ನಾಯು ಕಲೆಗಟ್ಟುತ್ತದೆ, ಉಳಿದ ಹೃದಯ ಹಿಗ್ಗಿ ಸೋಲಲೂಬಹುದು ಎಂದು ಡಾಕ್ಟರು ಹೇಳಿದಂದಿನಿಂದ ಅವಳಿಗೆ ನಿದ್ದೆಯಿರಲಿಲ್ಲ. ಅಷ್ಟರಲ್ಲಿ ಡಾಕ್ಟರ ಕೋಣೆಯಿಂದ ಗಂಗಾಧರಯ್ಯ ಎಂಬ ಹಿರಿಯರು ಹೊರಬಂದು, ಅವಳ ಪಕ್ಕದಲ್ಲೇ ಕಾದಿದ್ದ ತಮ್ಮ ಹೆಂಡತಿಯ ಬಳಿ ಕೂತರು.

“ಏನಂದ್ರು?”

“ಹಾರ್ಟು ಇಳಿದೈತಂತೆ ಕಣೇ! ಅಟ್ಯಾಕ್ ಆದ್ಮೇಲೆ ಬಲೂನ್ ತರ ಊದ್ಕೊಂಡಿತ್ತಲ್ಲ, ಈಗ ಹೆಚ್ಚುಕಮ್ಮಿ ಮೊದಲಿನ ಸೈಜಿಗೆ ಬಂದೈತೆ.”

“ಆ ಕಲೆ?”

“ಅದು ಹೋಗಲ್ಲ. ಸುತ್ತ ಇರೋ ಮಾಂಸ ಚೆನ್ನಾಗಿ ಪಂಪ್ ಮಾಡ್ತೈತೆ ಅಂದ್ರು.”

“ಮಾತ್ರೆ ನಿಲ್ಲಿಸ್ಬೋದಾ?”

“ಇಳಿದಿದ್ದೇ ಅದ್ರಿಂದ. ಬಿಡಂಗಿಲ್ಲ.”

“ದಿಂಬಿಗೆ ಒರಗಿ ಕೂತ್ಕೊಂಡೇ ಮಲಗ್ತಿದ್ರಿ. ನಿಮ್ಮ ಉಸಿರು ಕೇಳ್ಕೊಂಡು ನಾನು ಎದ್ದಿರ್ತಿದ್ದೆ.”

“ಈಗ ಗೊರಕೆ ಕೇಳ್ಕೊಂಡು ಎದ್ದಿರು.”

ಆಕೆ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಇನ್ನೊಂದು ಕೇಳ್ದೆ, ನಾದಸ್ವರ ಊದ್ಲಾ ಅಂತ.”

“ಅಯ್ಯೋ! ಏನಂದ್ರು?”

“ನಿಧಾನಕ್ಕೆ ಶುರು ಮಾಡಿ ಅಂದ್ರು. ಮೊಮ್ಮಗಳು ಅರ್ಪಿತನ ಮದುವೇಲಿ ನಾನೇ ಊದೋದು.”

“ಮುಹೂರ್ತಕ್ಕೆ ಮಾತ್ರ. ಆಮೇಲೆ ಶಿಷ್ಯಂದ್ರು ಊದ್ಲಿ.”

“ಅವ್ರು ಊದಿದ್ರೆ ಗಂಡಿನ ಕಡೆಯೋರು ಎದ್ದು ಹೋಗ್ತಾರೆ!”

“ಊಟ ಮಾಡ್ದೆ ಯಾರೂ ಎದ್ದು ಹೋಗಲ್ಲ, ನಡೀರಿ.”

ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಇಬ್ಬರೂ ಆ ಜಗಳ ಬಿಡಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಬಂದ ತಿರುಮಲೇಶ, ಹೆಂಡತಿ ಒಬ್ಬಳೇ ನಗುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ.