ಮೂಸಿದರೆ ಸಾಕು, ಅತ್ತೆ

…ಕುಡೀರಿ ಅಂತ ಯಾರು ಹೇಳಿದ್ರು ಅತ್ತೆ? ಮೂಸಿದರೆ ಸಾಕು. ಮೂಸೋದಕ್ಕೆ ಯಾವ ದೇವರೂ ಬೈಯಲ್ಲ. ಬೈದರೆ, ಸೊಸೆ ಕುಸುಮ ಮಾಡಿಸಿದಳು ಅಂತ ನನ್ನ ಹೆಸರು ಹೇಳಿ. ಇಪ್ಪತ್ತು ವರ್ಷದಿಂದ ಎಲ್ಲದಕ್ಕೂ ನನ್ನ ಹೆಸರೇ ಹೇಳ್ತಾ ಬಂದಿದ್ದೀರಲ್ಲ, ಇದೊಂದು ಜಾಸ್ತಿಯಾ?

ನಗ್ತೀರಾ? ನಗಿ, ನಗಿ. ನಕ್ಕೊಂಡೇ ಈ ಲೋಟ ಹಿಡ್ಕೊಳ್ಳಿ.

ಮೂರು ಲೋಟ, ಮೂರು ಡ್ರಮ್ಮಿನವು. ಇದು ಬಾಗಿಲ ಕಡೇದು, ಇದು ನಡೂದು, ಇದು ಗೋಡೆ ಕಡೇದು. ಬಣ್ಣ ನೋಡಿ, ಮೂರೂ ಒಂದೇ ಥರ, ನೇರಳೆ ಹಣ್ಣು ಹಿಂಡಿದ ಹಂಗೆ. ಕಣ್ಣಿಗೆ ಏನೂ ಗೊತ್ತಾಗಲ್ಲ. ಕೆಟ್ಟಿದ್ದರೆ ವಿನೆಗರ್ ವಾಸನೆ ಬರುತ್ತೆ… ವಿನೆಗರ್ರು ಅತ್ತೆ, ಗೋಬಿ ಮಂಚೂರಿ ಗಾಡಿ ಹತ್ರ ಮೂಗಿಗೆ ಹೊಡೆಯುತ್ತಲ್ಲ, ಅದು. ದ್ರಾಕ್ಷಿಯ ಹುಳಿ ಬೇರೆ, ಅದು ಇರಲೇಬೇಕು. ನಾಲಿಗೆಗೆ ಎರಡೂ ಹುಳಿಯೇ. ಅದಕ್ಕೇ ಮೂಗು ಬೇಕಾಗೋದು.

ನಾನಾ? ನಾನು ಮೂಸಿದೀನಿ ಬುಡಿ! ಬೆಳಿಗ್ಗೆಯೇ ಮೂಸಿದೆ. ಚೆನ್ನಾಗೇ ಇದೆ… ಇರಬೇಕು. ದಿನಾ ಅದರ ಮಧ್ಯೆಯೇ ಇದ್ದು ಇದ್ದು ಮೂಗು ಮಂಕಾಗಿದೆ, ಅಷ್ಟೇ. ಇನ್ನೊಂದು ಮೂಗು ಇದ್ದರೆ ಒಳ್ಳೇದು. ಅದೂ ಎಂಥ ಮೂಗು! ನಮ್ಮ ಆಲೆಮನೆ ಇದ್ದಾಗ, ಬೆಲ್ಲದ ಪಾಕ ಇಳಿಸೋ ಹೊತ್ತಾಯ್ತು ಅಂತ ಹಟ್ಟಿ ಬಾಗಿಲಲ್ಲಿ ನಿಂತೇ ಕೂಗ್ತಿದ್ರಂತಲ್ಲ ನೀವು. ಮಾವ ಒಂದು ಸಲ ನಿಮ್ಮ ಮಾತು ಕೇಳದೆ ಕೊಪ್ಪರಿಗೆ ಪೂರ್ತಿ ಸೀಯಿಸಿದರಂತೆ. ಮೊದಲ ಅಚ್ಚಿನ ಬೆಲ್ಲ ನಿಮ್ಮ ಕೈಗೆ ಕೊಡದೆ ಗಾಡಿಗೆ ಹೇರ್ತಿರಲಿಲ್ಲವಂತೆ. ಈಗ ಈ ಮನೇಲಿ ಬೆಲ್ಲ ಇಲ್ಲ, ವೈನಿದೆ. ಪದ್ಧತಿ ಯಾಕೆ ಬಿಡೋದು ಅಂತ…

ಮುಖ ಸಿಂಡರಿಸಬೇಡಿ. ಕಳ್ಳಬಟ್ಟಿ ಅಲ್ಲ ಇದು, ಸರ್ಕಾರವೇ ಲೈಸೆನ್ಸು ಕೊಟ್ಟಿದೆ. ಗೋಡೆಗೆ ಹಾಕಿದೀನಲ್ಲ, ಮಾವನ ಫೋಟೊ ಪಕ್ಕದಲ್ಲಿ. ಬೇಕಂತ ಅಲ್ಲ ಅತ್ತೆ, ಮೊಳೆ ಅಲ್ಲೇ ಇತ್ತು.

ಆಟ ಅಲ್ಲ ಇದು. ವೈನು ಕೊಳ್ಳೋಕೆ ಬರೋ ಬೆಂಗಳೂರಿನ ಹೋಟೆಲಿನವರು ಮದ್ದೂರಿಗೆ ಬಂದಿದ್ದಾರಂತೆ, ವಡೆ ತಿಂತಿದ್ದಾರಂತೆ. ತಿಂದ ಬಾಯಲ್ಲೇ ಬಂದು ನಮ್ಮ ವೈನಿನ ರುಚಿ ಹೇಳ್ತಾರೆ, ಹೇಳಲಿ. ಕೆಟ್ಟದ್ದೊಂದು ತೊಟ್ಟು ನಾಲಿಗೆಗೆ ಬಿತ್ತೋ, ಮೂರು ಡ್ರಮ್ಮೂ ಬೇಡ ಅಂತ ಎದ್ದು ಹೋಗ್ತಾರೆ. ಹೋದ ವರ್ಷ ಒಂದು ಡ್ರಮ್ಮು ವಾಪಸ್ಸು ಬಂತಲ್ಲ, ಆ ಅವಮಾನವೇ ಇನ್ನೂ ಇಳಿದಿಲ್ಲ. ನಿಮ್ಮ ಮಗ ಸಿದ್ದರಾಜು ಹೇಳಿದ್ದು ಕೇಳಿಸ್ಕೊಂಡ್ರಲ್ಲ? ‘ಈ ವರ್ಸವೂ ಕೆಟ್ಟೋದ್ರೆ ಚಪ್ಪರ ಕಿತ್ತು ಕಬ್ಬು ಆಕ್ತೀನಿ ಕಣಮ್ಮಿ, ಸಾಕು ನಿನ್ ದ್ರಾಕ್ಸಿ.’

ಅವರದೂ ತಪ್ಪಿಲ್ಲ. ಸುತ್ತ ಕಬ್ಬು, ಭತ್ತ. ನಾಲೆ ನೀರು ಬಂತು ಅಂದ್ರೆ ಊರೆಲ್ಲಾ ತೂಬು ತೆಗೆಯುತ್ತೆ. ನಾನೊಬ್ಬಳು ಹಣ್ಣಿಗೆ ಸಿಹಿ ಏರಲಿ ಅಂತ ನೀರು ಬಿಡದೆ ತೂಬು ಮುಚ್ಚಿಕೊಂಡು ಕೂರ್ತೀನಿ. ಓದಿದ ಹೆಂಗಸು, ಗಿಡಾನೂ ಉಪವಾಸ ಕೆಡವ್ತಾಳೆ ಅಂತಾರೆ ಜನ. ಎಷ್ಟು ಜನಕ್ಕೆ ಪಾಠ ಹೇಳಲಿ? ಸುಸ್ತಾಗಿದೆ ಅತ್ತೆ. ಬಳ್ಳಿ ಸವರಿ ಸವರಿ ಬೆರಳೆಲ್ಲಾ ಕತ್ತರಿ ಹಿಡಿದ ಹಂಗೇ ಬಗ್ಗಿ ನಿಂತಿವೆ. ಆದರೂ ಆ ಚಪ್ಪರದ ನೆರಳಲ್ಲಿ ಹೋಗಿ ಕೂತರೆ… ಅದೊಂದು ಕೀಳಿಸಬೇಡಿ.

ಮೂಸಿ. ಒಂದೇ ಒಂದು ಸಲ.

ಜಗಲೀಲಿ ಕೂತು ಮನೆ ಒಳಗೆ ಯಾಕೆ ನೋಡ್ತೀರಿ? ಲೋಟ ಇಲ್ಲಿದೆ. ನೋಡಿ, ಮತ್ತೆ ಒಳಗೆ… ಈಗ ನನ್ನ ಮುಖ. ಏನಾದರೂ ಹೇಳೋದಿದ್ದರೆ ಹೇಳಿ. ಮಾತಿಗೆ ನಿಮಗೆ ಯಾವತ್ತು ಬರ ಬಂದಿತ್ತು? ಅಲ್ಲಾ, ವೈನು ನೋಡಿ ಅಂದರೆ ನನ್ನನ್ನೇ ಹಿಂಗೆ ಪರೀಕ್ಷೆ ಮಾಡೋ ಹಂಗೆ…

ಅಯ್ಯೋ, ಹೊಗೆ! ಬಾಗಿಲ ತುಂಬಾ ಹೊಗೆ! ಹುರುಳಿಕಾಳು ಒಲೆ ಮೇಲೇ ಇದೆ… ತಡೀರಿ, ತಡೀರಿ…

…ಆರಿಸಿ ಬಂದೆ. ಒಂದು ಕಾಳೂ ಉಳಿದಿಲ್ಲ, ಎಲ್ಲಾ ಇದ್ದಲು. ಇಷ್ಟು ಸೀಯೋಕೆ ಎಷ್ಟು ಹೊತ್ತು ಬೇಕು! ನಿಮಗೆ… ನಿಮಗೆ ವಾಸನೆ ಬಂದಿರಬೇಕಲ್ಲ? ಬಂತಾ? ಆಗಲೇನಾ? ಮತ್ತೆ ಯಾಕೆ ಬಾಯಿ ಬಿಡಲಿಲ್ಲ?

ಓ.

ನಾನು ಏಳ್ತೀನಾ ಅಂತ ನೋಡ್ತಾ ಕೂತಿದ್ರಿ.

ಹಂಗೆ ನೋಡಬೇಡಿ ಅತ್ತೆ. ಆ ಜ್ವರ ಬಂದು ಹೋದಾಗಿನಿಂದ… ಕರ್ಪೂರವೂ ಇಲ್ಲ, ಕಾಫಿಯೂ ಇಲ್ಲ, ಏನೂ ಇಲ್ಲ. ಮೂಗು ಮುಖದ ಮೇಲೆ ಸುಮ್ಮನೆ ಕೂತಿದೆ. ಬರುತ್ತೆ, ಬರುತ್ತೆ ಅಂತಾರೆ ಡಾಕ್ಟರು. ಯಾವಾಗ ಅಂತ ಹೇಳಲ್ಲ. ನಿಮ್ಮ ಮಗನಿಗೆ ಗೊತ್ತಾದರೆ ಹೋಟೆಲಿನವರ ಮಾತಿಗೂ ಕಾಯಲ್ಲ, ನಾಳೆಯೇ ಬಳ್ಳಿ ಬುಡಕ್ಕೆ ಗುದ್ದಲಿ. ವಾಸನೆ ಗೊತ್ತಾಗದವಳು ವೈನು ಮಾಡ್ತಾಳಂತೆ ಅಂತ… ಹೇಳ್ತೀರಾ ಅವರಿಗೆ?

ಹೂಂ ಅನ್ನಿ, ಇಲ್ಲಾ ಉಹೂಂ ಅನ್ನಿ.

ಕಾರು ಬಂತು… ಲೋಟ ಯಾಕೆ ತಗೊಂಡ್ರಿ? ಮೂಸ್ತಿದ್ದೀರಾ? ಅಷ್ಟು ಹತ್ತಿರ ಬೇಡ, ಮೂಗೇ ಅದ್ದುತ್ತೆ… ಇದೂನಾ… ಇದೂನಾ… ನಡೂದನ್ನ ಯಾಕೆ ಆ ಕಡೆ ತಳ್ಳಿದ್ರಿ? ಇದು ಬೇಡವಾ? ಉಳಿದೆರಡು?… ಸರಿ. ಸರಿ ಅತ್ತೆ.

ಬಂದೇ ರೀ! ಅವರನ್ನ ಕೂರಿಸಿ. ಎರಡೇ ಡ್ರಮ್ಮು ಕೊಡೋದು, ನಡೂದನ್ನ ತೆಗೀಬೇಡಿ, ಕೆಟ್ಟಿದೆ… ಹೂಂ ರೀ, ಗ್ಯಾರಂಟಿ. ನಾನೇ ಮೂಸಿ ನೋಡಿದೆ. ಬೇಕಾದರೆ ನಿಮ್ಮ ಅವ್ವನ್ನ ಕೇಳಿ.