ಇಗರ್ಜಿಯ ತಿದಿ

ಹೊನ್ನಾವರದ ನಮ್ಮ ಕೇರಿಯಲ್ಲಿ ಆ ಮಳೆಯ ಸಂಜೆ ಇತ್ಯರ್ಥವಾಗಬೇಕಿದ್ದದ್ದು ಸಣ್ಣ ವಿಷಯವಲ್ಲ: ಸುಟ್ಟ ಒಣಮೀನಿನ ಕೊನೆಯ ತುಂಡು ಯಾರಿಗೆ ಸೇರಬೇಕು, ನನಗೋ ಮಂಜಿಗೋ? ಎರಡೂ ಪಕ್ಷದ ವಾದ ಮುಗಿಯುವ ಮೊದಲೇ ಸುಬ್ಬಜ್ಜಿ ಅದನ್ನು ಬಾಯಿಗೆ ಹಾಕಿಕೊಂಡು, ತೀರ್ಪಿನ ಬದಲು ಕತೆ ಕೊಟ್ಟಳು.

“ಪಾದ್ರಿಗಳ ಇಗರ್ಜೀಲಿ ಆಗ ದೊಡ್ಡ ಆರ್ಗನ್ ಇತ್ತು ಮಕ್ಳೆ, ಗೋಡೆ ತುಂಬ ಕೊಳವೆ, ಹಡಗಲ್ಲಿ ಬಂದದ್ದು... ಅದಕ್ಕೆ ಉಸಿರು ಎಲ್ಲಿಂದ? ಹಿಂದಿನ ಕತ್ತಲೆ ಕೋಣೇಲಿ ನಮ್ಮ ಬೀರಪ್ಪ ತಿದಿ ಒತ್ತಬೇಕಿತ್ತು. ಬಾರಿಸೂರು ಅವನಿಗೆ ಕಾಣ್ತಿರ್ಲಿಲ್ಲ. ಹಾಡು ಮುಗಿದ್ರೆ ಅವ್ರು ನಡುವಿನ ಮರದ ಹಲಗೆ ಬಡೀತಿದ್ರು, ಅಲ್ಲೀವರೆಗೆ ಇವ ಕೈ ಬಿಡೂ ಹಾಗಿಲ್ಲ. ಒಂದು ದಿನ ಒತ್ತತಾ ಒತ್ತತಾ ಹಾಗೇ ಹೋಗ್ಬಿಟ್ಟ.”

“ಸತ್ತವನಿಗೆ ಹಲಗೆ ಬಡಿದ್ರಾ ಅಜ್ಜಿ?” ಎಂದಳು ಮಂಜಿ.

“ಯಾರು ಬಡೀತಾರೆ? ಸುಮ್ನೆ ಕೇಳೆ. ಮರುವರ್ಷ, ಯುದ್ಧದ ಕಾಲ, ಕಡಲ ಬದಿಗೆ ದೀಪ ಹಚ್ಚೂ ಹಾಗಿಲ್ಲ. ಮಾಸ್ತಮ್ಮನ ಒಬ್ಬನೇ ಮಗ ನಾಗ ಮೀನಿಗೆ ಹೋಗಿದ್ದ. ಮೋಡ ಕವಿದು ಗಾಳಿ ಎದ್ದುಬಿಡ್ತು. ಹೊಳೆ ಕಡಲಿಗೆ ಸೇರೂ ಅಳಿವೇಲಿ ಶಂಖ ಊದೂದು ನಮ್ಮ ಪದ್ಧತಿ: ಉದ್ದಕ್ಕೆ ಊದಿದ್ರೆ ಒಳಗೆ ಬನ್ನಿ, ತುಂಡು ತುಂಡಾಗಿ ಊದಿದ್ರೆ ಇಳಿತ ಅದೆ, ಹೊರಗೇ ನಿಲ್ಲಿ. ಆ ಗಾಳೀಲಿ ಶಂಖ ಎಲ್ಲಿ ಕೇಳ್ತದೆ? ಮಾಸ್ತಮ್ಮ ನನ್ನನ್ನೂ ಕರ್ಕೊಂಡು ಹೋಗಿ, ಶಂಖದ ಬದಲು ಆರ್ಗನ್ ಬಾರಿಸ್ತೇವೆ ಅಂತ ಪಾದ್ರಿಗಳ ಕಾಲು ಹಿಡಿದ್ಲು. ‘ಹೋಗಮ್ಮ, ಬಾರಿಸು’ ಅಂದ್ರು. ಅವಳು ಹಿಂದೆ ತಿದಿ ಒತ್ತಿದ್ಲು, ನಾನು ಮುಂದೆ ಕೂತು, ಹಾರ್ಮೋನಿಯಮ್ಮಿಗಿರೂ ಹಾಗೆ ಬೆರಳಲ್ಲಿ ಒತ್ತೂ ಬಿಳಿ ಮನೆ ಒಂದನ್ನ ಒತ್ತಿ ಹಿಡಿದೆ. ಉದ್ದ ಸ್ವರ... ಊರೆಲ್ಲ ನಡುಗ್ತು.

“ದೋಣಿ ಕಾಣೂಕೂ ಭರತ ತಿರುಗಿ ನೀರು ಇಳಿಯೂಕೂ ಸರಿ ಆತು. ಶಂಖ ಊದೂ ದೇವಪ್ಪ ದಡದಿಂದ ಓಡಿ ಬಂದ. ‘ತುಂಡು ಮಾಡ್ರೇ! ಇಳಿತ! ಮರಳದಿಬ್ಬಕ್ಕೆ ಹೊಡೀತಾನೆ!’ ನಾನು ಕೈ ತೆಗೆದೆ, ಉಪ್ಪುಗಾಳಿಗೆ ಅಂಟಿದ ಆ ಬಿಳಿ ಮನೆ ಮೇಲೆ ಏಳ್ಲಿಲ್ಲ. ಮಾಸ್ತಮ್ಮ ತಿದಿ ಬಿಟ್ಟು ನನ್ನ ಹತ್ರ ಬಂದು ನಿಂತ್ಲು... ಸ್ವರ ನಿಲ್ಲಲಿಲ್ಲ. ಹಿಂದೆ, ಯಾರೂ ಇಲ್ಲದ ಕೋಣೇಲಿ, ತಿದಿ ಏಳ್ತಾ ಬೀಳ್ತಾ ಇತ್ತು.

“‘ಬೀರಪ್ಪಣ್ಣ, ಸಾಕೋ! ನನ್ನ ಮಗ ಬತ್ತಾ ಇದ್ದಾನೆ, ಸಾಕೋ!’ ಮಾಸ್ತಮ್ಮ ಹಿಂದೆ ಓಡಿ ತಿದಿ ತಬ್ಬಿ ಬಿದ್ಲು, ಅದು ಅವಳನ್ನೂ ಎತ್ತಿ ಎತ್ತಿ ಇಳಿಸ್ತು. ಕೂಗಿದ್ರೆ ಅವನಿಗೆಂತ? ಹಲಗೆ ಬಡೀಬೇಕು ಅಂಬುದು ನಮಗೆ ಆಗ ಗೊತ್ತೇ ಇರ್ಲಿಲ್ಲ. ಪಾದ್ರಿಗಳು ಓಡಿಬಂದು ಬಡಿದ್ರು, ನಿಂತ್ಹೋತು. ಅಷ್ಟರಲ್ಲಿ ದೋಣಿ ಒಡೆದಿತ್ತು. ನಾಗನ ಹೆಣ ಮಾವಿನಕುರ್ವೆ ದಡಕ್ಕೆ ತಾಗ್ತು.

“ಆರ್ಗನ್ ಆಮೇಲೆ ಬಿಚ್ಚಿ ಮಾರಿದ್ರು. ಸ್ವರ ಹೋಗ್ಲಿಲ್ಲ... ಇಳಿತಕ್ಕೆ ಈಗ್ಲೂ ಬತ್ತದೆ. ಹೋದ ವರ್ಷ ಅದನ್ನ ನಂಬಿ ಇಬ್ರು ದೋಣಿ ಒಳಗೆ ತಂದ್ರು. ಇಬ್ರೂ ಸತ್ರು.”